ರೋರೋ ರೈಲಿಗೆ ಡೈಕಾಸ್ಟ್ ಲಾರಿ: ಯಾವುದು ಹೊಂದುತ್ತೆ, ಹೇಗೆ ತಯಾರು ಮಾಡೋದು?

ಕುಮಟಾ_ಲೂಪ್‌ಲೈನ್
ಎಲ್ಲರಿಗೂ ನಮಸ್ಕಾರ. ಮಹಡಿ ಮೇಲಿನ ಕೋಣೆಯಲ್ಲಿ ಒಂದು ಎಚ್‌ಒ ಲೇಔಟ್, ಅಂದರೆ ನಿಜದ 87ನೇ ಒಂದು ಭಾಗದಷ್ಟಿರುವ ಮಾದರಿ ರೈಲು ಮಾರ್ಗ, ನಿಧಾನಕ್ಕೆ ಬೆಳೆಯುತ್ತಿದೆ. ಕರಾವಳಿಯ ಕೊಂಕಣ ರೈಲ್ವೆ ಸ್ಟೇಷನ್, ಕಾಲ ಸುಮಾರು 2005. ಅಂದರೆ ಡೀಸೆಲ್ ಎಂಜಿನ್, ಮೇಲೆ ಕರೆಂಟ್ ತಂತಿ ಇಲ್ಲ. ಚಿರೇಕಲ್ಲಿನ ಕೆಂಪು ಕಟಿಂಗ್, ಒಂದು ಸುರಂಗ, ಹೊಳೆಗೊಂದು ಸೇತುವೆ.

ಈ ಲೈನ್ ಮಾಡಿ ರೋರೋ ಬಿಟ್ಟರೆ ಹೇಗೆ? 1999ರ ಜನವರಿ 26ಕ್ಕೆ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣ ನಡುವೆ ಶುರುವಾಗಿ ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತಲ್ಲ, ಅದೇ. ಲೋಡಾದ ಲಾರಿಗಳನ್ನೇ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ ಒಯ್ಯುವ ರೈಲು. ಹನ್ನೆರಡು ವ್ಯಾಗನ್‌ಗಳ ರೇಕ್ (ಜೋಡಿಸಿದ ಸಾಲು) ಮಾಡುವ ಆಸೆ. ವ್ಯಾಗನ್ ಸಿಕ್ಕಿದೆ, ಅಮೆರಿಕನ್ ಫ್ಲಾಟ್ ಕಾರುಗಳಿಗೆ ಬಣ್ಣ ಬದಲಿಸುತ್ತಿದ್ದೇನೆ. ತಲೆನೋವು ಲಾರಿಗಳದ್ದು. ಎಚ್‌ಒದಲ್ಲಿ ನಮ್ಮ ಲಾರಿ ಯಾರೂ ಮಾಡುವುದಿಲ್ಲ. ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್, ಮ್ಯಾಜೊರೆಟ್ ಥರದ ಡೈಕಾಸ್ಟ್ (ಲೋಹದ ಎರಕದ ಆಟಿಕೆ) ಲಾರಿಗಳು ಒಂದು ಡಬ್ಬಿ ತುಂಬ ಇವೆ. ಆದರೆ ಅವು 1:64 ಅಂತಾರೆ, ಎಚ್‌ಒ 1:87. ಇವನ್ನು ಬಳಸಿದರೆ ನೋಡೋಕೆ ಅಸಹ್ಯ ಆಗುತ್ತಾ? ಬಣ್ಣ ತೆಗೆಯೋದು, ಬಿಚ್ಚೋದು ಎಲ್ಲ ಹೇಗೆ? ಗೊತ್ತಿದ್ದವರು ಹೇಳಿ.

ಅಳತೆಗೋಲು
1:64 ಅನ್ನುವುದನ್ನು ಮೊದಲು ಮರೆತುಬಿಡಿ. ಅದು ಕಾರುಗಳಿಗೆ ಸುಮಾರಾಗಿ ಹೊಂದುವ ಮಾತು, ಲಾರಿಗೆ ಅಲ್ಲ.

ಈ ಆಟಿಕೆಗಳಲ್ಲಿ ಎಲ್ಲವೂ ಒಂದೇ ಅಳತೆಯ ಪ್ಯಾಕಿಗೆ ಹೊಂದಬೇಕು. ಕಾರಾದರೂ ಅಷ್ಟೇ, ಬಸ್ಸಾದರೂ ಅಷ್ಟೇ, ಸುಮಾರು ಮೂರು ಇಂಚು. ಹಾಗಾಗಿ ದೊಡ್ಡ ಗಾಡಿ ಜಾಸ್ತಿ ಕುಗ್ಗುತ್ತದೆ, ಸಣ್ಣ ಗಾಡಿ ಕಡಿಮೆ ಕುಗ್ಗುತ್ತದೆ. ಮೂರು ಇಂಚು ಅಂದರೆ 76 ಮಿ.ಮೀ. ಅದನ್ನು 87ರಿಂದ ಗುಣಿಸಿ, 6.6 ಮೀಟರ್ ಬರುತ್ತದೆ. ಅಂದರೆ ನಿಜದಲ್ಲಿ ಆರೂವರೆ ಮೀಟರ್ ಉದ್ದದ ಲಾರಿಯ ಆಟಿಕೆ ಸರಿಯಾಗಿ ಎಚ್‌ಒ! ಏಳೂವರೆ ಮೀಟರಿನ ಲಾರಿ ಆದರೆ ಸುಮಾರು 1:99, ಎಚ್‌ಒಗಿಂತ ಚೂರು ಚಿಕ್ಕದು. ದೊಡ್ಡದಾಗುತ್ತೆ ಅಂತ ನಿಮಗೆ ಭಯ, ನಿಜವಾದ ತೊಂದರೆ ಚಿಕ್ಕದಾಗುವುದು.

ಟೊಮಿಕಾ ಆದರೆ ಇನ್ನೂ ಸುಲಭ. ಗಾಡಿ ತಿರುಗಿಸಿ ನೋಡಿ, ತಳದಲ್ಲೇ ಸ್ಕೇಲ್ ಅಚ್ಚಾಗಿರುತ್ತದೆ. ಮ್ಯಾಜೊರೆಟ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಕ್ಯಾಲಿಪರ್ ಹಿಡಿದು ಕ್ಯಾಬಿನ್ ಅಗಲ ಅಳೆಯಿರಿ. ನಮ್ಮ ಲಾರಿ ಕ್ಯಾಬಿನ್ 2.4 ಮೀಟರ್ ಅಂತ ಇಟ್ಟುಕೊಂಡರೆ ಎಚ್‌ಒದಲ್ಲಿ 27.5 ಮಿ.ಮೀ. 26ರಿಂದ 29ರೊಳಗೆ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಚಕ್ರದ ವ್ಯಾಸ 12 ಮಿ.ಮೀ. ಹತ್ತಿರ ಇರಬೇಕು, 10.00-20 ಟೈರ್ ನಿಜಕ್ಕೆ ಒಂದು ಮೀಟರ್ ಚಿಲ್ಲರೆ ಇರುತ್ತದೆ. ಉದ್ದವನ್ನು ಅಳೆಯಲೇಬೇಡಿ. ಹಿಂದಿನ ಬಾಡಿ ಹೇಗಿದ್ದರೂ ಕಿತ್ತು ಹಾಕಿ ನೀವೇ ಕಟ್ಟುತ್ತೀರಿ.

ಎನ್‌ಸ್ಕೇಲ್_ಹುಡುಗಿ
ಇದೇ ಲೆಕ್ಕ ನನಗೂ ಉಪಯೋಗಕ್ಕೆ ಬಂತು. 76 ಮಿ.ಮೀ. ಗುಣಿಸು 160, ಹನ್ನೆರಡು ಮೀಟರ್. ಅಂದರೆ ಮೂರು ಇಂಚಿನ ದೊಡ್ಡ ಬಸ್ಸು ನನ್ನ ಎನ್ ಸ್ಕೇಲ್‌ಗೆ (1:160) ಸೀದಾ ಹೊಂದುತ್ತದೆ. ನನ್ನ ಲೇಔಟಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವ ಕೆಂಪು ಬಸ್ಸು ಆಟಿಕೆ ಅಂಗಡಿಯದ್ದೇ. ನೋಡಿದವರು ನಂಬುವುದಿಲ್ಲ.

ಕುಮಟಾ_ಲೂಪ್‌ಲೈನ್
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಈಗಷ್ಟೇ ಡಬ್ಬಿ ಸುರಿದು ಅಳೆದೆ. ಆ ಅಮೆರಿಕನ್ ಪಿಕಪ್‌ಗಳು, ದೈತ್ಯ ಚಕ್ರದವು ಎಲ್ಲ ಔಟ್. ಕ್ಯಾಬಿನ್ ಮುಂದಕ್ಕೆ ಚಪ್ಪಟೆಯಾಗಿರುವ ಟಿಪ್ಪರ್, ಕಸದ ಲಾರಿ, ಕಾಂಕ್ರೀಟ್ ಮಿಕ್ಸರ್, ಇವುಗಳ ಅಗಲ ನೀವು ಹೇಳಿದ ಹಾಗೇ ಇದೆ. ಆದರೆ ಮುಖ ಯಾವುದೂ ಟಾಟಾ ಅಲ್ಲ, ಲೇಲ್ಯಾಂಡೂ ಅಲ್ಲ.

ರಿವೆಟ್_ರಾಯ
ಮುಖದ ವಿಷಯ ಆಮೇಲೆ. ಮೊದಲು ಬಿಚ್ಚೋದು ಹೇಳ್ತೀನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಸಾಮಾನಲ್ಲೇ ಆಗುತ್ತೆ.

ಗಾಡಿ ತಲೆಕೆಳಗು ಮಾಡಿದರೆ ತಳದಲ್ಲಿ ಒಂದೋ ಎರಡೋ ದುಂಡನೆ ರಿವೆಟ್ ತಲೆ ಕಾಣುತ್ತೆ. ಅದು ಬೇರೆ ಮೊಳೆ ಅಲ್ಲ. ಮೇಲಿನ ಬಾಡಿಯಿಂದಲೇ ಇಳಿದು ಬಂದ ಕಂಬದ ತುದಿಯನ್ನು ಒತ್ತಿ ಚಪ್ಪಟೆ ಮಾಡಿರ್ತಾರೆ. ಸೆಂಟರ್ ಪಂಚ್‌ನಿಂದ ನಡುವೆ ಒಂದು ಗುಳಿ ಹೊಡೀರಿ. ಇಲ್ಲದಿದ್ದರೆ ಬಿಟ್ ಜಾರಿ ಬೆರಳಿಗೆ ಬರುತ್ತೆ. ಮೊದಲು ಸಣ್ಣ ಬಿಟ್, ಆಮೇಲೆ ಕಂಬದಷ್ಟೇ ದಪ್ಪದ್ದು, 3 ಅಥವಾ 4 ಮಿ.ಮೀ. ನಿಧಾನಕ್ಕೆ ತಿರುಗಿಸಿ. ಚಪ್ಪಟೆ ತಲೆ ಉಂಗುರದ ಹಾಗೆ ಕಿತ್ತು ಬಂದ ತಕ್ಷಣ ನಿಲ್ಲಿಸಿ. ಕಂಬ ಉಳಿಸಿಕೊಳ್ಳಬೇಕು, ಮತ್ತೆ ಜೋಡಿಸೋಕೆ ಅದೇ ಆಧಾರ. ಕಂಬದೊಳಗೆ 1.6 ಮಿ.ಮೀ. ತೂತು ಕೊರೆದು ಎಂ2 ಟ್ಯಾಪ್ (ಸ್ಕ್ರೂ ಎಳೆ ಕೊರೆಯೋ ಉಪಕರಣ) ಹಾಕಿದರೆ ಸಣ್ಣ ಸ್ಕ್ರೂ ಕೂರುತ್ತೆ. ಆಮೇಲೆ ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ಟ್ಯಾಪ್ ತಿರುಗಿಸುವಾಗ ಒಂದು ಹನಿ ಎಣ್ಣೆ ಬಿಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಲೋಹ ಮೆದು, ಅವಸರ ಮಾಡಿದರೆ ಎಳೆ ಕಿತ್ತು ಹೋಗುತ್ತೆ.

ಕನ್ನಡಕ ಹಾಕಿಕೊಳ್ಳಿ. ಸುಮ್ನೆ ಹೇಳ್ತಿಲ್ಲ, ಆ ಚೂರುಗಳು ಸೂಜಿ ಇದ್ದ ಹಾಗಿರ್ತವೆ.

ಹಳೇ_ಡಿಂಕಿ
ಡ್ರಿಲ್ ಎತ್ತುವ ಮೊದಲು ಗಾಡಿಯ ತಳ ಓದಿ ಅಂತ ನನ್ನದೊಂದು ವಿನಂತಿ. ಇಂಗ್ಲೆಂಡಿನ ಲೆಸ್ನಿ ಕಂಪನಿ ಕಾಲದ ಮ್ಯಾಚ್‌ಬಾಕ್ಸ್ ಅಥವಾ ಕಲ್ಕತ್ತೆಯ ನಿಕ್ಕಿ ಟಾಯ್ಸ್ ಅಂತ ಬರೆದಿದ್ದರೆ ದಯವಿಟ್ಟು ಮುಟ್ಟಬೇಡಿ. ನಿಕ್ಕಿಯವರು ಇಂಗ್ಲೆಂಡಿನ ಡಿಂಕಿ ಆಟಿಕೆಗಳ ಹಳೇ ಅಚ್ಚುಗಳನ್ನು ತರಿಸಿ ಇಲ್ಲಿ ಎರಕ ಹೊಯ್ದವರು. ಅಂಥವನ್ನು ನನ್ನಂಥವರಿಗೆ ಕೊಟ್ಟು ಬದಲಿಗೆ ಹತ್ತು ಹೊಸ ಲಾರಿ ತಗೊಳ್ಳಿ.

ಇನ್ನೊಂದು ಮಾತು. ರೈಲು ಲೇಔಟಿಗೆ ಆಟಿಕೆ ಗಾಡಿ ಇಡುವುದು ಕಳಪೆ ಕೆಲಸ ಅಂತ ಕೆಲವರು ಮೂಗು ಮುರಿಯುತ್ತಾರೆ. ಡಿಂಕಿ ಹುಟ್ಟಿದ್ದೇ ರೈಲಿನ ಪಕ್ಕದಲ್ಲಿ ನಿಲ್ಲೋಕೆ. ಮೆಕ್ಯಾನೊ ಕಂಪನಿ 1933ರಲ್ಲಿ ಹಾರ್ನ್‌ಬಿ ಓ ಗೇಜ್ (ಎಚ್‌ಒಗಿಂತ ದೊಡ್ಡ ಅಳತೆ) ಆಟದ ರೈಲುಗಳ ಜೊತೆಗಿಡಲು ಪುಟ್ಟ ಮೋಟಾರು ಗಾಡಿಗಳನ್ನು ತಂದಿತು. ಮರುವರ್ಷ ಅವಕ್ಕೆ ಡಿಂಕಿ ಟಾಯ್ಸ್ ಅನ್ನೋ ಹೆಸರು ಬಂತು. ಡೈಕಾಸ್ಟ್ ಗಾಡಿಗೂ ಆಟದ ರೈಲಿಗೂ ಹಳೇ ನಂಟು.

ರಿವೆಟ್_ರಾಯ
ಒಪ್ಪಿದೆ ಸರ್. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಆ ಡಿಂಕಿಗಳು ತಾವಾಗಿಯೇ ಬಿರುಕು ಬಿಟ್ಟು ಪುಡಿಯಾಗ್ತವೆ ಅಂತಾರಲ್ಲ?

ಹಳೇ_ಡಿಂಕಿ
ಹೌದು. ಆಗಿನ ಸತುವಿನ ಮಿಶ್ರಲೋಹದಲ್ಲಿ ಸೀಸ ಸೇರಿಕೊಳ್ಳುತ್ತಿತ್ತು. ಚೂರೇ ಚೂರು ಸೀಸ ಸಾಕು, ತೇವ ತಗುಲಿ ಒಳಗಿಂದಲೇ ಸವೆಯುತ್ತಾ ಹೋಗುತ್ತದೆ. ಈಗಿನ ಮಿಶ್ರಲೋಹ ಜಮಾಕ್‌ನಲ್ಲಿ ಶುದ್ಧ ಸತು, ಅದಕ್ಕೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ. ನಿಮ್ಮ ಹೊಸ ಲಾರಿಗಳಿಗೆ ಆ ಭಯ ಬೇಡ.

ಕುಮಟಾ_ಲೂಪ್‌ಲೈನ್
ಬಣ್ಣ ಕೀಳೋಕೆ ಏನು ಹಾಕ್ತೀರಿ? ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿ ಪೂರ್ತಿ ನೆನೆಸಿಡು ಅಂತ ಒಬ್ಬರು ಹೇಳಿದರು.

ರಿವೆಟ್_ರಾಯ
ಬೇಡ! ಸತು, ಅಲ್ಯೂಮಿನಿಯಂ ಎರಡನ್ನೂ ಕಾಸ್ಟಿಕ್ ಸೋಡಾ ತಿನ್ನುತ್ತೆ. ಜೊತೆಗೆ ಹೈಡ್ರೋಜನ್ ಗ್ಯಾಸ್ ಬರುತ್ತೆ. ಕಬ್ಬಿಣಕ್ಕೆ ನಡೆಯೋದು ಇದಕ್ಕೆ ನಡೆಯಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಣ್ಣದ ಜೊತೆ ಬಾಗಿಲಿನ ಗೆರೆಗಳೂ ಮಾಯ ಆಗಿರ್ತವೆ.

ಗಾಜಿನ ಜಾಡಿಯಲ್ಲಿ ಆಸಿಟೋನ್ ಹಾಕಿ, ಬಾಡಿ ಮುಳುಗಿಸಿ ಮುಚ್ಚಳ ಹಾಕಿ ಇಡಿ. ಬಣ್ಣ ಸುಕ್ಕುಗಟ್ಟಿ ಏಳುತ್ತೆ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿದರೆ ಬರುತ್ತೆ. ಗಟ್ಟಿ ಬಣ್ಣ ಆದರೆ ಅಂಗಡಿಯ ಪೇಂಟ್ ರಿಮೂವರ್ ಬೇಕಾಗಬಹುದು. ಪ್ಲಾಸ್ಟಿಕ್ ಭಾಗ ಒಂದೂ ಒಳಗೆ ಇರಬಾರದು, ಕಿಟಕಿ ಗಾಜು ಕರಗಿ ಅಂಟಾಗುತ್ತೆ. ಕಿಟಕಿ ತೆಗೆದಿಟ್ಟ ಕೋಣೆ, ಕೈಗವಸು, ಹತ್ತಿರದಲ್ಲಿ ದೇವರ ದೀಪ ಕೂಡ ಇರಬಾರದು. ಆಸಿಟೋನ್ ಆವಿ ಬೇಗ ಹೊತ್ತಿಕೊಳ್ಳುತ್ತೆ.

ಸುರತ್ಕಲ್_ಸೈಡಿಂಗ್
ರೋರೋ ಅಂತ ಕಂಡ ಕೂಡಲೇ ಒಳಗೆ ಬಂದೆ ಮಾರಾಯ್ರೆ. ಲಾರಿ ಮಾಡುವುದರಲ್ಲಿ ನಾನು ಹುಷಾರಿಲ್ಲ. ಆದರೆ ರೇಕ್ ಹೇಗೆ ಕಾಣಬೇಕು ಅಂತ ಹೇಳಬಲ್ಲೆ.

ಲಾರಿಗಳನ್ನು ಕ್ರೇನಿನಲ್ಲಿ ಎತ್ತಿ ಇಡುವುದಲ್ಲ. ರೇಕಿನ ಕೊನೆಯಲ್ಲಿ ರ‍್ಯಾಂಪ್ ಉಂಟು. ಡ್ರೈವರ್ ಅಲ್ಲಿಂದ ಹತ್ತಿಸಿ, ಒಂದು ವ್ಯಾಗನ್ನಿಂದ ಇನ್ನೊಂದಕ್ಕೆ ದಾಟುತ್ತಾ ಮುಂದಿನ ತುದಿಯವರೆಗೆ ಓಡಿಸಿಕೊಂಡು ಹೋಗಬೇಕು. ಮೊದಲು ಹತ್ತಿದವ ಎಲ್ಲರಿಗಿಂತ ಮುಂದೆ. ಹಾಗಾಗಿ ಎಲ್ಲ ಲಾರಿಗಳ ಮುಖ ಒಂದೇ ಕಡೆಗೆ ಇರಬೇಕು. ಒಂದು ಆ ಕಡೆ, ಒಂದು ಈ ಕಡೆ ಇಟ್ಟರೆ ಗೊತ್ತಿದ್ದವರು ನಗುತ್ತಾರೆ. ಚಕ್ರದ ಹಿಂದೆ ಮುಂದೆ ಬೆಣೆ ಇಡುತ್ತಾರೆ, ಅದನ್ನೂ ಮಾಡಿ. ಬೆಂಕಿಕಡ್ಡಿ ಓರೆಯಾಗಿ ಕತ್ತರಿಸಿದರೆ ಆಯಿತು.

ಡ್ರೈವರ್, ಕ್ಲೀನರ್ ಅದೇ ಲಾರಿಯಲ್ಲಿ ಕೂತು ಹೋಗುತ್ತಾರೆ. ಖಾಲಿ ಕ್ಯಾಬಿನ್ ಇಟ್ಟರೆ ರೋರೋ ಅಲ್ಲ, ಗುಜರಿ ಸಾಗಿಸುವ ರೈಲು. ಎರಡು ಕ್ಯಾಬಿನ್ನಿನಲ್ಲಾದರೂ ಆಸಾಮಿಗಳನ್ನು ಕೂರಿಸಿ. ಒಂದು ಕಡೆ ಕನ್ನಡಿಯಿಂದ ಬಾಗಿಲಿಗೆ ಹಗ್ಗ ಕಟ್ಟಿ ಲುಂಗಿ ಒಣಹಾಕಿ.

ನಂಬರ್ ಪ್ಲೇಟ್ ಎಲ್ಲ ಒಂದೇ ಊರಿನದು ಮಾಡಬೇಡಿ. ಕೆಎ-19, ಕೆಎ-20 ಇರಲಿ. ಜೊತೆಗೆ ಕೇರಳದ ಕೆಎಲ್, ನವಿ ಮುಂಬಯಿಯ ಎಂಎಚ್-43, ಗೋವಾದ ಜಿಎ. ನಾಮಕ್ಕಲ್‌ನ ಟಿಎನ್-28 ಒಂದಾದರೂ ಬೇಕೇ ಬೇಕು, ಲಾರಿ ಅಂದರೆ ಆ ಊರು.

ಅಳತೆಗೋಲು
ಪ್ಲೇಟಿನ ಅಳತೆ ಕೊಡುತ್ತೇನೆ. ದೊಡ್ಡ ವಾಣಿಜ್ಯ ವಾಹನಕ್ಕೆ 340 × 200 ಮಿ.ಮೀ. ಎಚ್‌ಒದಲ್ಲಿ 3.9 × 2.3 ಮಿ.ಮೀ. ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ನೀವು ತೋರಿಸುವ ಕಾಲಕ್ಕೆ ಈಗಿನ ಎಚ್‌ಎಸ್‌ಆರ್‌ಪಿ ಇರಲಿಲ್ಲ, ಬಣ್ಣದಲ್ಲಿ ಬರೆದದ್ದು. ಲೇಸರ್ ಪ್ರಿಂಟರ್‌ನಲ್ಲಿ ತೆಗೆದು ಅಂಟಿಸಿ. ಡೀಕಲ್ ಕಾಗದ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆ) ಬಳಸುವುದಾದರೆ ಬಿಳಿ ಹಿನ್ನೆಲೆಯದ್ದೇ ಬೇಕು. ಪಾರದರ್ಶಕ ಹಾಳೆಯಲ್ಲಿ ಹಳದಿ ಅಚ್ಚು ಮಾಡಿದರೆ ಕೆಳಗಿನ ಬಣ್ಣ ಇಣುಕುತ್ತದೆ.

ನೆಕ್ಕರ್_ತೀರ
ಜರ್ಮನಿಯಿಂದ ಒಂದು ಮಾತು. ಇಷ್ಟೆಲ್ಲ ಕಷ್ಟ ಯಾಕೆ? ಇಲ್ಲಿ ಹೆರ್ಪಾ, ವೀಕಿಂಗ್, ಬ್ರೆಕಿನಾ ಅಂತ 1:87 ಪ್ಲಾಸ್ಟಿಕ್ ಲಾರಿಗಳು ಸಿಗುತ್ತವೆ. ಹಳೇ ಸಾಮಾನಿನ ಸಂತೆಯಲ್ಲಿ ಅಗ್ಗಕ್ಕೂ ಸಿಗುತ್ತವೆ. ಸ್ಕೇಲ್ ಪಕ್ಕಾ, ತೂಕ ಇಲ್ಲ, ರಿವೆಟ್ ಇಲ್ಲ. ಟಾಟಾ ಲಾರಿಯ ಮೂಲವೇ ಬೆನ್ಜ್ ಅಲ್ವಾ? 1954ರಿಂದ 1969ರವರೆಗೆ ಇಬ್ಬರೂ ಜೊತೆಗಿದ್ದರು. ಹಳೇ ಮೂತಿ ಉದ್ದದ ಬೆನ್ಜ್ ಲಾರಿ ತಂದು ಬಣ್ಣ ಹಚ್ಚಿದರೆ ಮುಗಿಯಿತು.

ರಿವೆಟ್_ರಾಯ
ಗುರು, ಆ ಮೂತಿ ಅರುವತ್ತರ ದಶಕದ ಲೇಔಟಿಗೆ ಸರಿ. 2005ಕ್ಕೆ ಟಾಟಾದ ಎಸ್ಇ ಮಾಡೆಲಿನ ಮುಖ, ಎಲ್‌ಪಿಟಿ ಮಾಡೆಲಿನ ಚಪ್ಪಟೆ ಮುಖ, ಲೇಲ್ಯಾಂಡ್ ಬೇಕು. ಅದು ಎಲ್ಲೂ ಸಿಗಲ್ಲ. ಮತ್ತೆ ಅಲ್ಲಿಂದ ತರಿಸೋ ಖರ್ಚಿನಲ್ಲಿ ಇಲ್ಲಿ ಒಂದು ಡಜನ್ ಡೈಕಾಸ್ಟ್ ಬರುತ್ತೆ.

ಮುಖಕ್ಕೆ ನನ್ನ ದಾರಿ ಇದು. ಆಟಿಕೆಯ ಕ್ಯಾಬಿನ್ ಮುಂಭಾಗವನ್ನು ಅರದಿಂದ ಚಪ್ಪಟೆಯಾಗಿ ಸವರಿ. ಗ್ರಿಲ್, ಹೆಡ್‌ಲೈಟ್, ಬಂಪರ್ ಇರೋ ತೆಳು ಮುಖವಾಡ ಒಂದನ್ನು ರೆಸಿನ್ 3ಡಿ ಪ್ರಿಂಟ್ ಮಾಡಿಸಿ ಅಂಟಿಸಿ. ಪೂರ್ತಿ ಲಾರಿ ಪ್ರಿಂಟ್ ಮಾಡಿಸೋದಕ್ಕಿಂತ ಇದು ತುಂಬಾ ಅಗ್ಗ, ಒಂದೇ ಸಲಕ್ಕೆ ಇಪ್ಪತ್ತು ಮುಖ ಬರುತ್ತೆ. ಪ್ರಿಂಟರ್ ಇಲ್ಲದವರು ಎಂ-ಸೀಲ್‌ನಲ್ಲಿ ತಿದ್ದಬಹುದು. ಜಪಾನಿ ಚಿಕ್ಕ ಲಾರಿಗಳಿದ್ದರೆ ಮುಖ ಬದಲಿಸೋದೇ ಬೇಡ. ಐಷರ್ ಕ್ಯಾಂಟರ್ ಮಿತ್ಸುಬಿಷಿಯಿಂದ ಬಂದಿದ್ದು, ಸ್ವರಾಜ್ ಮಜ್ದಾ ಹೆಸರಲ್ಲೇ ಇದೆ. ಬ್ಯಾಡ್ಜ್ ಬದಲಿಸಿ, ಧೂಳು ಹಿಡಿಸಿ ಬಿಟ್ಟರೆ ನಮ್ಮ ಎಪಿಎಂಸಿ ಯಾರ್ಡಿನದೇ.

ಎನ್‌ಸ್ಕೇಲ್_ಹುಡುಗಿ
ಒಂದು ಪ್ರಶ್ನೆ. ಲೋಹದ ಲಾರಿಯನ್ನು ವ್ಯಾಗನ್ ಮೇಲೆ ಇಟ್ಟರೆ ತೂಕ ಏನಾಗುತ್ತದೆ? ರಸ್ತೆ ಪಕ್ಕ ನಿಲ್ಲಿಸೋ ಗಾಡಿಗೆ ತೂಕ ಲೆಕ್ಕಕ್ಕಿಲ್ಲ. ಇದು ಓಡೋ ರೈಲು. ಹನ್ನೆರಡು ಲಾರಿ ಎಳೆಯೋಕೆ ಎಂಜಿನ್ ಚಕ್ರ ಜಾರಲ್ವಾ?

ಅಳತೆಗೋಲು
ಈ ಇಡೀ ಚರ್ಚೆಯಲ್ಲಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಇದು. ಬಣ್ಣ, ಮುಖ, ನಂಬರ್ ಪ್ಲೇಟ್ ಎಲ್ಲ ಇದರ ಮುಂದೆ ಸಣ್ಣವು.

ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಹೇಳುವ ತೂಕ ಎಚ್‌ಒಗೆ ಹೀಗಿದೆ: ಒಂದು ಔನ್ಸ್, ಅದರ ಮೇಲೆ ವ್ಯಾಗನ್ನಿನ ಪ್ರತಿ ಇಂಚಿಗೆ ಅರ್ಧ ಔನ್ಸ್. ಗ್ರಾಂ ಲೆಕ್ಕದಲ್ಲಿ 28, ಜೊತೆಗೆ ಪ್ರತಿ ಸೆಂಟಿಮೀಟರಿಗೆ ಸುಮಾರು 5.6. ನಿಮ್ಮ ಫ್ಲಾಟ್ 16 ಸೆಂ.ಮೀ. ಇದ್ದರೆ ಲಾರಿ ಸೇರಿ 117 ಗ್ರಾಂ ಆಸುಪಾಸು ಬರಬೇಕು. ಲೋಹದ ತಳವೂ ಇರುವ ಡೈಕಾಸ್ಟ್ ಲಾರಿ 40 ಗ್ರಾಂ ಸುಲಭವಾಗಿ ದಾಟುತ್ತದೆ. ಒಟ್ಟು ತೂಕ ಮಿತಿಯೊಳಗೇ ಇರಬಹುದು. ಆದರೆ ಆ ತೂಕ ಇರುವ ಜಾಗ ಕೆಟ್ಟದು. ಖಾಲಿ ಫ್ಲಾಟ್ ಹಗುರ, ಭಾರವೆಲ್ಲ ಮೇಲೆ. ತಿರುವಿನಲ್ಲಿ ಒಳಗಡೆಗೆ ವಾಲುತ್ತದೆ. 18 ಇಂಚು ತ್ರಿಜ್ಯದ ತಿರುವಿನಲ್ಲಿ ಉದ್ದದ ರೇಕನ್ನು ಎಂಜಿನ್ ಎಳೆಯುವಾಗ ನಡುವಿನ ವ್ಯಾಗನ್‌ಗಳು ಒಳಕ್ಕೆ ಮಗುಚುತ್ತವೆ.

ಹಾಗಾಗಿ ಲಾರಿಯನ್ನು ಹಗುರ ಮಾಡಿ, ವ್ಯಾಗನ್ನನ್ನು ಭಾರ ಮಾಡಿ. ವ್ಯಾಗನ್ ಹೊಟ್ಟೆಯಡಿ, ಎರಡು ತುದಿಯ ಚಕ್ರದ ಜೋಡಣೆಗಳ (ಬೋಗಿ) ನಡುವೆ, ತಗಡಿನ ಪಟ್ಟಿಯೋ ಸೀಸದ ಚೂರೋ ಅಂಟಿಸಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ರಿವೆಟ್_ರಾಯ
ಲಾರಿ ಹಗುರ ಮಾಡೋದು ಸುಲಭ. ಹೇಗೂ ಬಿಚ್ಚಿದ್ದೀರಿ. ಲೋಹದ ತಳವನ್ನೂ ಹಿಂದಿನ ಬಾಡಿಯನ್ನೂ ಎಸೀರಿ, ಕ್ಯಾಬಿನ್ ಮಾತ್ರ ಇಟ್ಟುಕೊಳ್ಳಿ. ಛಾಸಿ ಮತ್ತೆ ಬಾಡಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿ.

ಪ್ಲಾಸ್ಟಿಕ್ ಶೀಟ್ ಹುಡುಕಿಕೊಂಡು ಹೋಗಬೇಡಿ. ಅವಧಿ ಮುಗಿದ ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ ಇರುತ್ತೆ. ಎಚ್‌ಒದಲ್ಲಿ ಅದು ನಿಜದ 66 ಮಿ.ಮೀ., ಲಾರಿ ಬಾಡಿಯ ಮರದ ಹಲಗೆಗೆ ಹತ್ತಿರ ಹತ್ತಿರ ಸರಿ. ಕಟ್ಟರ್‌ನಿಂದ ಗೆರೆ ಎಳೆದು ಮುರಿದರೆ ನೇರ ತುಂಡಾಗುತ್ತೆ. ಉಪ್ಪುಕಾಗದದಲ್ಲಿ ಉದ್ದಕ್ಕೆ ಉಜ್ಜಿದರೆ ಮರದ ನಾರಿನ ಗೆರೆ ಬರುತ್ತೆ. ಫೆವಿಕ್ವಿಕ್ ಹಿಡಿಯುತ್ತೆ. ಚಿಪ್ ಇರೋ ಭಾಗವನ್ನು ಮಾತ್ರ ಮೊದಲೇ ಚೂರು ಚೂರು ಮಾಡಿ ಎಸೀರಿ. ನಿಮ್ಮ ಬ್ಯಾಂಕ್ ಖಾತೆ ರೋರೋ ಹತ್ತಿ ಹೋಗಬಾರದಲ್ವಾ!

ಕುಮಟಾ_ಲೂಪ್‌ಲೈನ್
ಹ್ಹ ಹ್ಹ. ಮನೆಯಲ್ಲಿ ಎಲ್ಲರ ಪರ್ಸ್ ಜಾಲಾಡಬೇಕು ಈಗ. ಚಕ್ರ ಏನು ಮಾಡಲಿ? ಹಿಂದೆ ಜೋಡಿ ಟೈರ್ ಬೇಕಲ್ಲ.

ರಿವೆಟ್_ರಾಯ
ಡಬ್ಬಿಯಲ್ಲಿ ಔಟ್ ಆದ ಆ ಕಾರುಗಳ ಚಕ್ರ ಕೀಳಿ. ಕಾರಿಗೆ ದೊಡ್ಡದಾಗಿ ಕಾಣೋ ಚಕ್ರ ಎಚ್‌ಒ ಲಾರಿಗೆ ಸರಿ ಅಳತೆ. 11 ಮಿ.ಮೀ. ಚಕ್ರವನ್ನು 87ರಿಂದ ಗುಣಿಸಿ ನೋಡಿ, ಸುಮಾರು 96 ಸೆಂ.ಮೀ. ಲಾರಿ ಟೈರೇ ಅದು. ಹಿಂದಿನ ಆಕ್ಸಲ್‌ಗೆ ಎರಡೆರಡು ಪೋಣಿಸಿ. ಮಿರುಗೋ ಕ್ರೋಮ್ ರಿಮ್ ಮೇಲೆ ಮಾತ್ರ ಕಡ್ಡಾಯವಾಗಿ ಬಣ್ಣ ಹಚ್ಚಿ. ಆಟಿಕೆ ಅಂತ ಮೊದಲು ಬಿಟ್ಟುಕೊಡೋದು ಆ ರಿಮ್. ಟೈರಿಗೂ ಕಡು ಕಪ್ಪು ಬೇಡ, ಬೂದಿ ಕಲೆಸಿದ ಕಪ್ಪು.

ಸುರತ್ಕಲ್_ಸೈಡಿಂಗ್
ಬಣ್ಣ ಯಾವುದು ಹೊಡೆಯುತ್ತೀರಿ? ನ್ಯಾಷನಲ್ ಪರ್ಮಿಟ್ ಲಾರಿಯ ಬಾಡಿ ಒಣಗಿದ ಎಲೆಯ ಕಂದು ಬಣ್ಣ, ಅಂಚಿಗೆ ಅಗಲದ ಬಿಳಿ ಪಟ್ಟಿ. ಆಗಿನ ಕಾಲಕ್ಕೆ ಅದೇ ಹೆಚ್ಚು. ಮುಂದೆ ದೃಷ್ಟಿಗೆ ನಿಂಬೆಹಣ್ಣು, ಮೆಣಸು. ಹಿಂದೆ ಹಾರ್ನ್ ಓಕೆ ಪ್ಲೀಸ್ ಬರೆಯದಿದ್ದರೆ ಲಾರಿ ಸ್ಟಾರ್ಟೇ ಆಗುವುದಿಲ್ಲ.

ಎನ್‌ಸ್ಕೇಲ್_ಹುಡುಗಿ
ಕರಾವಳಿಯವರು ಸ್ಪ್ರೇ ಮಾಡುವ ಮುಂಚೆ ಆಕಾಶ ನೋಡಿ. ಮಳೆಗಾಲದಲ್ಲಿ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಹನಿಯುತ್ತದೆ. ಬಿಸಿಲು ಬಿದ್ದ ದಿನ, ಮಧ್ಯಾಹ್ನದ ಹೊತ್ತು ಮಾಡಿ. ಇಲ್ಲವಾದರೆ ಬ್ರಷ್‌ನಲ್ಲಿ ಅಕ್ರಿಲಿಕ್ ಹಚ್ಚಿ. ಬರೀ ಲೋಹದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಉಗುರು ತಗುಲಿದರೆ ಸಿಪ್ಪೆ ಏಳುತ್ತದೆ. ಕಾರು ರಿಪೇರಿಗೆ ಬಳಸುವ ಲೋಹದ ಪ್ರೈಮರ್ ಮೊದಲು ಬೇಕು. ಅದಕ್ಕೂ ಮೊದಲು ಸೋಪಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಧೂಳಿಗೆ ನನ್ನ ಗುಟ್ಟು: ಚಾಕ್ ಪೇಸ್ಟಲ್ ಕಡ್ಡಿ. ಇಟ್ಟಿಗೆ ಕೆಂಪು, ಕಂದು ಎರಡನ್ನೂ ಉಪ್ಪುಕಾಗದದ ಮೇಲೆ ಉಜ್ಜಿ ಪುಡಿ ಮಾಡಿ, ಮೃದು ಬ್ರಷ್‌ನಲ್ಲಿ ಚಕ್ರ, ಮಡ್‌ಗಾರ್ಡ್, ಬಾಡಿಯ ಕೆಳಭಾಗಕ್ಕೆ ಸವರಿ. ಮೇಲೆ ಮ್ಯಾಟ್ ವಾರ್ನಿಷ್. ವಾರ್ನಿಷ್ ಹೊಡೆದ ಮೇಲೆ ಪುಡಿಯ ಅರ್ಧ ಮಾಯವಾಗುತ್ತದೆ, ಅದಕ್ಕೇ ಮೊದಲೇ ಜಾಸ್ತಿ ಹಾಕಿ.

ಹಳೇ_ಡಿಂಕಿ
ಟಾರ್ಪಾಲು ಯಾರೂ ಹೇಳಲಿಲ್ಲ. ಕರಾವಳಿ ಲಾರಿಗೆ ಟಾರ್ಪಾಲು ಇಲ್ಲದೆ ಆಗುತ್ತದೆಯೇ? ತೆಳು ಟಿಶ್ಯೂ ಕಾಗದದ ಒಂದು ಪದರ ಬಿಡಿಸಿಕೊಂಡು, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ ಲೋಡಿನ ಮೇಲೆ ಹೊದಿಸಿ. ಒಳಗೆ ಲೋಡು ಅಂತ ಥರ್ಮೊಕೋಲ್ ತುಂಡು ಸಾಕು, ತೂಕವೂ ಇಲ್ಲ. ಮೂಲೆಗಳನ್ನು ಚಿಮಟದಿಂದ ಮಡಚಿ. ಒದ್ದೆಯಿರುವಾಗಲೇ ಹೊಲಿಗೆ ದಾರವನ್ನು ಅಡ್ಡಡ್ಡ ಬಿಗಿದರೆ ದಾರದ ಪಕ್ಕ ಸುಕ್ಕು ತಾನಾಗಿ ಬೀಳುತ್ತದೆ. ಆರಿದ ಮೇಲೆ ಹಸಿರು, ಕಂದು, ಮಾಸಿದ ನೀಲಿ. ಹನ್ನೆರಡರಲ್ಲಿ ಏಳೆಂಟಕ್ಕಾದರೂ ಹೊದಿಸಿ. ಒಳಗಿನ ಬಾಡಿ ಅರೆಬರೆ ಕಟ್ಟಿದ್ದರೂ ಮುಚ್ಚಿಹೋಗುತ್ತದೆ.

ನೆಕ್ಕರ್_ತೀರ
ಇದು ಅದ್ಭುತ. ಪ್ಲಾಸ್ಟಿಕ್ ಲಾರಿಗೂ ನಡೆಯುತ್ತದೆ ಅಲ್ವಾ. ಆದರೂ ನನ್ನ ಮಾತು ಬಿಡುವುದಿಲ್ಲ. ಡೈಕಾಸ್ಟ್‌ನಿಂದ ಕ್ಯಾಬಿನ್ ಒಂದೇ ಉಳಿಸಿ, ಅದರ ಮುಖವನ್ನೂ ಸವರಿ, ಬಾಡಿ, ಛಾಸಿ, ಲೋಡು ಎಲ್ಲ ಹೊಸದು ಮಾಡಿದರೆ ಅದನ್ನು ಡೈಕಾಸ್ಟ್ ಲಾರಿ ಅಂತ ಯಾಕೆ ಕರೀಬೇಕು?

ರಿವೆಟ್_ರಾಯ
ಬಾಗಿಲು, ಕಿಟಕಿ ಕಂಬ, ಮಾಡಿನ ತಿರುವು ಇವೆಲ್ಲ ಲೋಹದ ಎರಕದಲ್ಲಿ ಚೂಪಾಗಿ ಬಂದಿರ್ತವೆ ಗುರು. ಕೈಯಲ್ಲಿ ಒಂದು ಕ್ಯಾಬಿನ್ ಮಾಡಿ ನೋಡಿ, ಹನ್ನೆರಡು ಒಂದೇ ಥರ ಬರಲಿ, ಆಮೇಲೆ ಮಾತಾಡೋಣ.

ಅಳತೆಗೋಲು
ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಎಚ್‌ಒದಲ್ಲಿ 19.2 ಆಗಬೇಕಿತ್ತು. ಎಲ್ಲರೂ ಅದನ್ನು ನುಂಗಿಕೊಂಡೇ ಆಡುತ್ತಿದ್ದೇವೆ. ಲಾರಿಯಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಆದರೆ ಪ್ರಳಯವಾಗುವುದಿಲ್ಲ. ಪಕ್ಕದಿಂದ ನೋಡುವಾಗ ಒಂದಕ್ಕೊಂದು ಹೊಂದಿದರೆ ಸಾಕು. ಎಲ್ಲಕ್ಕಿಂತ ದೊಡ್ಡ ಕ್ಯಾಬಿನ್ನಿನ ಪಕ್ಕ ಎಲ್ಲಕ್ಕಿಂತ ಚಿಕ್ಕದು ಇಡಬೇಡಿ, ನಡುವೆ ಟಾರ್ಪಾಲು ಹೊದಿಸಿದ ಒಂದು ಎತ್ತರದ ಲೋಡು ಬರಲಿ.

ಕುಮಟಾ_ಲೂಪ್‌ಲೈನ್
ಲಾರಿಯನ್ನು ವ್ಯಾಗನ್ನಿಗೆ ಅಂಟಿಸಬೇಕಾ, ಸುಮ್ನೆ ಇಡಬೇಕಾ? ರ‍್ಯಾಂಪಿನಿಂದ ಇಳಿಸಿ ಹತ್ತಿಸಿ ಆಡುವ ಆಸೆ ಇದೆ. ಮ್ಯಾಗ್ನೆಟ್ ಹಾಕಿದರೆ?

ಎನ್‌ಸ್ಕೇಲ್_ಹುಡುಗಿ
ಮ್ಯಾಗ್ನೆಟ್ ಒಳ್ಳೆಯದು. ಆದರೆ ಸತುವಿನ ಮಿಶ್ರಲೋಹಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಲಾರಿಯ ಹೊಟ್ಟೆಗೆ ಒಂದು ಕಬ್ಬಿಣದ ವಾಷರ್ ಅಂಟಿಸಿ, ವ್ಯಾಗನ್ ಹಲಗೆಯಡಿ 3 ಮಿ.ಮೀ. ನಿಯೋಡಿಮಿಯಂ ಮ್ಯಾಗ್ನೆಟ್ ಹೂತಿಡಿ. ವಾಷರ್ ಹಲಗೆಗೆ ತಾಗಬಾರದು, ಒಂದು ಕಾಗದದಷ್ಟು ಸಂದು ಇದ್ದರೆ ಲಾರಿಯ ಚಕ್ರ ನೆಲಕ್ಕೆ ಕೂರುತ್ತದೆ, ಹಿಡಿತವೂ ಸಿಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಉಳಿದ ಮ್ಯಾಗ್ನೆಟ್‌ಗಳನ್ನು ಬೀಗ ಹಾಕಿಡಿ. ನುಂಗಿದರೆ ಜೀವಕ್ಕೆ ಅಪಾಯ.

ಕುಮಟಾ_ಲೂಪ್‌ಲೈನ್
ಸರಿ. ಇನ್ನೊಂದು ಆಸೆ. 2025ರ ಗಣೇಶ ಹಬ್ಬಕ್ಕೆ ಕೊಂಕಣ ರೈಲ್ವೆಯವರು ಕಾರುಗಳನ್ನೂ ರೋರೋದಲ್ಲಿ ಒಯ್ಯಲು ಶುರು ಮಾಡಿದರಲ್ಲ. ಕಾಲ ಹೊಂದಲ್ಲ ಗೊತ್ತು. ಆದರೂ ಕೊನೆಯ ಎರಡು ವ್ಯಾಗನ್ ಮೇಲೆ ನನ್ನ ಹಾಟ್ ವೀಲ್ಸ್ ಕಾರುಗಳನ್ನು ಇಟ್ಟರೆ?

ಅಳತೆಗೋಲು
ಅಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಮಾರುತಿ 800 ಉದ್ದ 3335 ಮಿ.ಮೀ. ಎಚ್‌ಒದಲ್ಲಿ 38 ಮಿ.ಮೀ. ಮಾತ್ರ, 1:64ರಲ್ಲೇ 52 ಆಗುತ್ತದೆ. ಅಂಬಾಸಿಡರ್ ಕೂಡ ಎಚ್‌ಒದಲ್ಲಿ 50 ದಾಟುವುದಿಲ್ಲ. ನಿಮ್ಮ ಡಬ್ಬಿಯ ಕಾರುಗಳು 70 ಮಿ.ಮೀ. ಆಸುಪಾಸಿನವು. ಲಾರಿಯ ಪಕ್ಕ ಇಟ್ಟರೆ ಕಾರೇ ಲಾರಿಯಷ್ಟು ಉದ್ದ ಕಾಣುತ್ತದೆ. ಕಾರಿಗೆ ಮಾತ್ರ ನೆಕ್ಕರ್_ತೀರ ಅವರ ಮಾತು ಕೇಳಿ, 1:87 ಪ್ಲಾಸ್ಟಿಕ್ ತಗೊಳ್ಳಿ.

ನೆಕ್ಕರ್_ತೀರ
ಕೊನೆಗೂ ಒಂದು ಗೆಲುವು! ಮುಂದಿನ ಸಲ ಊರಿಗೆ ಬರುವಾಗ ಹೆರ್ಪಾದ ಸಣ್ಣ ಕಾರು ನಾಲ್ಕು ತರುತ್ತೇನೆ, ಬೆಂಗಳೂರಿನಿಂದ ಕೊರಿಯರ್ ಮಾಡುತ್ತೇನೆ. ಬದಲಿಗೆ ರಿವೆಟ್_ರಾಯರ ಎಸ್ಇ ಮುಖ ಎರಡು ಬೇಕು.

ರಿವೆಟ್_ರಾಯ
ಮುಖದ ಫೈಲ್ ಈ ಭಾನುವಾರ ಹಾಕ್ತೀನಿ. ಅಗಲ 27.5ಕ್ಕೆ ಮಾಡಿದ್ದೀನಿ, ನಿಮ್ಮ ಕ್ಯಾಬಿನ್ ಬೇರೆ ಇದ್ದರೆ ಪ್ರಿಂಟ್ ಮಾಡಿಸೋವಾಗ ಅಡ್ಡಕ್ಕೆ ಮಾತ್ರ ಹಿಗ್ಗಿಸಿ, ಎತ್ತರ ಮುಟ್ಟಬೇಡಿ. ಕುಮಟಾ ಅವರೇ, ಹನ್ನೆರಡೂ ಒಟ್ಟಿಗೆ ಬಿಚ್ಚಬೇಡಿ. ಒಂದು ಲಾರಿ ಪೂರ್ತಿ ಮುಗಿಸಿ, ವ್ಯಾಗನ್ ಮೇಲೆ ಇಟ್ಟು ಸುರಂಗದಲ್ಲಿ ಓಡಿಸಿ ನೋಡಿ. ಟಾರ್ಪಾಲಿನ ಎತ್ತರ ಸುರಂಗದ ಬಾಯಿಗೆ ತಾಗುತ್ತಾ ಅಂತ ಆಗಲೇ ಗೊತ್ತಾಗುತ್ತೆ.

ಕುಮಟಾ_ಲೂಪ್‌ಲೈನ್
ಹಾಗೇ ಮಾಡ್ತೀನಿ. ಮೊದಲು ಆ ಹಳದಿ ಟಿಪ್ಪರ್. ಅಗಲ 28, ತಳದಲ್ಲಿ ಒಂದೇ ರಿವೆಟ್, ಲೆಸ್ನಿಯೂ ಅಲ್ಲ ನಿಕ್ಕಿಯೂ ಅಲ್ಲ. ಟಿಎನ್-28 ಪ್ಲೇಟ್ ಅದಕ್ಕೇ.